ಆಟವಾಡುವ ಮಕ್ಕಳ ಹೊಟ್ಟೆ: ಮುಚ್ಚಿಡದೆ ಮಾತಾಡೋಣ

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಪ್ರತಿ ಸಭೆಯಲ್ಲೂ ನಾವು ಉಳಿತಾಯ, ಸಾಲ ಮರುಪಾವತಿ, ಬ್ಯಾಂಕಿನ ಲೆಕ್ಕ ಇವುಗಳ ಬಗ್ಗೆ ಮಾತಾಡ್ತೀವಿ. ಇವತ್ತು ಹೊಟ್ಟೆಯ ಬಗ್ಗೆ ಮಾತಾಡೋಣ ಅಂತ ಬಂದಿದ್ದೇವೆ. ಅದರಲ್ಲೂ ಓಡುವ, ಖೊಖೊ ಆಡುವ, ಕಬಡ್ಡಿ ಆಡುವ ನಮ್ಮ ಮಕ್ಕಳ ಹೊಟ್ಟೆಯ ಬಗ್ಗೆ. ಇದೇನು ವಿಷಯ ಅಂತ ಕೆಲವರು ನಗಬಹುದು. ಮೊದಲು ಒಂದು ಘಟನೆ ಹೇಳ್ತೀವಿ, ಆಮೇಲೆ ನಗಬೇಕೋ ಬೇಡವೋ ನೀವೇ ತೀರ್ಮಾನಿಸಿ.

ಕೆಲವು ವರ್ಷಗಳ ಹಿಂದೆ ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಸಂಘದ ಸದಸ್ಯೆಯೊಬ್ಬರ ಮಗಳು ಬಹಳ ಚೆನ್ನಾಗಿ ಓಡ್ತಿದ್ದಳು. ವಯಸ್ಸು 14. ಹೋಬಳಿ ಮಟ್ಟದಲ್ಲಿ ಗೆದ್ದಳು, ತಾಲ್ಲೂಕಿನಲ್ಲೂ ಗೆದ್ದಳು. ಜಿಲ್ಲಾ ಮಟ್ಟದ ಓಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲು ಗಾಡಿ ಮಾಡಿಕೊಟ್ಟವರು ನಾವು. ಬೆಳಿಗ್ಗೆ ಕತ್ತಲಲ್ಲೇ ಹೊರಟೆವು. ಮಗು ಮನೆಯಲ್ಲಿ ಏನೂ ತಿಂದಿರಲಿಲ್ಲ. ದಾರಿಯಲ್ಲಿ ಹೋಟೆಲ್ ಮುಂದೆ ನಿಲ್ಲಿಸಿ, ಪಾಪ ಮಕ್ಕಳು ಅಂತ ಪ್ರೀತಿಯಿಂದ ಪೂರಿ ಸಾಗು ಕೊಡಿಸಿದೆವು. ಮೈದಾನಕ್ಕೆ ಬಂದ ಮೇಲೆ ಬಣ್ಣದ ತಂಪು ಪಾನೀಯ ಕೊಡಿಸಿದೆವು. ಶೌಚಾಲಯಕ್ಕೆ ಬೀಗ ಹಾಕಿತ್ತು. ಬೀಗ ಕಂಡ ಮೇಲೆ ಹುಡುಗಿ ನೀರು ಕುಡಿಯುವುದನ್ನೇ ನಿಲ್ಲಿಸಿದಳು. ನಾವು ಅದನ್ನು ಗಮನಿಸಲೇ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಓಟ ಶುರುವಾಯಿತು. ಎರಡನೇ ಸುತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ಕೂತಳು. ವಾಂತಿ ಆಯಿತು. ಬಟ್ಟೆಯಲ್ಲೇ ಭೇದಿಯೂ ಆಗಿಹೋಯಿತು. ಸುತ್ತ ನಿಂತ ಮಕ್ಕಳು ನಕ್ಕರು. "ಹೆದರಿಕೊಂಡು ನಾಟಕ ಮಾಡ್ತಿದಾಳೆ" ಅಂದವರು ದೊಡ್ಡವರು.

ಆ ಮಗು ಮತ್ತೆ ಓಡಲಿಲ್ಲ. "ಸಾಕು ಸಿಸ್ಟರ್, ಮಾನ ಹೋಗಿದ್ದು ಸಾಕು" ಅಂದರು ಅವಳ ತಾಯಿ. ನಾವು ಎಷ್ಟು ಹೇಳಿದರೂ ಕೇಳಲಿಲ್ಲ. ಆ ದಿನ ನಮ್ಮಿಂದ ಆದ ತಪ್ಪುಗಳನ್ನು ಒಂದೊಂದಾಗಿ ಬರೆದಿಟ್ಟುಕೊಂಡೆವು. ಸಮಾಜಕಾರ್ಯ ಓದಿದ ನಮಗೇ ಇದು ಗೊತ್ತಿರಲಿಲ್ಲವಲ್ಲ ಅಂತ ಬಹಳ ದಿನ ನೋವಾಯಿತು. ಈಗ ಅವಳ ತಂಗಿ ಖೊಖೊ ಆಡ್ತಿದ್ದಾಳೆ. ಈ ಮಾತು ಆ ತಂಗಿಗಾಗಿ, ಮತ್ತೆ ನಿಮ್ಮೆಲ್ಲರ ಮನೆಯ ಅಂಥ ಮಕ್ಕಳಿಗಾಗಿ.

ಇದು ದೊಡ್ಡ ಆಟಗಾರರಿಗೂ ಆಗುತ್ತದೆ

ಓಡುವಾಗ ಹೊಟ್ಟೆ ಕೆಡುವುದು ಹೇಡಿತನ ಅಲ್ಲ, ಸೋಮಾರಿತನವೂ ಅಲ್ಲ. ಅಮೆರಿಕದ ಬಾಸ್ಟನ್ ನಗರದಲ್ಲಿ ಪ್ರತಿ ವರ್ಷ 42 ಕಿಲೋಮೀಟರಿನ ಮ್ಯಾರಥಾನ್ ಓಟ ನಡೆಯುತ್ತದೆ. 1996ರಲ್ಲಿ ಅದರ 100ನೇ ಓಟ. ಜರ್ಮನಿಯ ಊಟಾ ಪಿಪ್ಪಿಗ್ ಎಂಬ ಮಹಿಳೆ ಓಡುತ್ತಿದ್ದರು. ದಾರಿಯಲ್ಲಿ ಅವರಿಗೆ ಹೊಟ್ಟೆನೋವು, ಭೇದಿ, ಮುಟ್ಟಿನ ನೋವು ಎಲ್ಲವೂ ಒಟ್ಟಿಗೇ ಬಂದವು. ಸಾವಿರಾರು ಜನ ನೋಡುತ್ತಿದ್ದರು. ಆದರೂ ಓಡಿ ಗೆದ್ದರು, ಅದು ಅವರ ಸತತ ಮೂರನೇ ಗೆಲುವು. ಕರುಳಿಗೆ ಸಾಕಷ್ಟು ರಕ್ತ ಹೋಗದೆ ಅದು ಊದಿಕೊಂಡಿತ್ತು ಅಂತ ಆಮೇಲೆ ವೈದ್ಯರ ತಪಾಸಣೆಯಲ್ಲಿ ತಿಳಿಯಿತು.

ಈ ಕಥೆ ಹೇಳಿದ್ದು ನಮ್ಮ ಮಕ್ಕಳೂ ನೋವು ನುಂಗಿಕೊಂಡು ಓಡಲಿ ಅಂತ ಅಲ್ಲ. ಹಾಗೆ ಓಡುವುದು ಅಪಾಯ. ಪ್ರಪಂಚದ ದೊಡ್ಡ ಓಟಗಾರ್ತಿಗೇ ಆಗುವುದು ನಮ್ಮ ಹಳ್ಳಿಯ ಹುಡುಗಿಗೆ ಆದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಅಂತ ಕೇಳುವುದಕ್ಕೆ ಹೇಳಿದೆವು.

ಯಾಕೆ ಹೀಗೆ ಆಗುತ್ತದೆ?

ನಮ್ಮ ಮೈಯಲ್ಲಿರುವ ರಕ್ತ ಇಷ್ಟೇ ಅಂತ ಲೆಕ್ಕ ಇದೆ. ಸಂಘದ ಹಣದ ಹಾಗೆ ಅಂದುಕೊಳ್ಳಿ. ಒಬ್ಬರಿಗೆ ದೊಡ್ಡ ಸಾಲ ಕೊಟ್ಟರೆ ಇನ್ನೊಬ್ಬರು ಕಾಯಬೇಕು ತಾನೇ? ಊಟ ಮಾಡಿ ಕೂತಾಗ ರಕ್ತ ಹೊಟ್ಟೆ, ಕರುಳಿನ ಕಡೆ ಹೆಚ್ಚು ಹೋಗುತ್ತದೆ, ಅನ್ನ ಅರಗುತ್ತದೆ. ಜೋರಾಗಿ ಓಡಲು ಶುರು ಮಾಡಿದರೆ ಅದೇ ರಕ್ತ ಕಾಲಿಗೆ, ಎದೆಗೆ, ಮೈ ತಣ್ಣಗಾಗಲು ಚರ್ಮಕ್ಕೆ ಹೋಗುತ್ತದೆ. ಕಠಿಣವಾಗಿ ಬಹಳ ಹೊತ್ತು ಓಡುವಾಗ ಕರುಳಿಗೆ ಹೋಗುವ ರಕ್ತ ಶೇಕಡ 80ರವರೆಗೂ ಕಡಿಮೆ ಆಗಬಹುದು. ಹೊಟ್ಟೆಯಲ್ಲಿ ಊಟ ಇದೆ, ಅರಗಿಸಲು ರಕ್ತ ಇಲ್ಲ. ಆಗ ಹೊಟ್ಟೆ ತೊಳಸುತ್ತದೆ, ಹುಳಿತೇಗು ಬರುತ್ತದೆ, ವಾಂತಿ ಬರುತ್ತದೆ, ಕೆಲವರಿಗೆ ಭೇದಿ ಆಗುತ್ತದೆ.

ಇದರ ಜೊತೆಗೆ ಇನ್ನೂ ಕೆಲವು ಕಾರಣ ಸೇರುತ್ತವೆ. ಬಿಸಿಲು. ಮೈಯಲ್ಲಿ ನೀರು ಕಡಿಮೆ ಆಗುವುದು. ಓಡುವಾಗ ಕರುಳು ಕುಲುಕಾಡುವುದು. ಹೆದರಿಕೆ ಕೂಡ. ಪರೀಕ್ಷೆಯ ದಿನ ಮಕ್ಕಳು ನಾಲ್ಕು ಸಲ ಕಕ್ಕಸಿಗೆ ಹೋಗುವುದನ್ನು ನೀವೇ ನೋಡಿದ್ದೀರಿ. ಮಿದುಳಿಗೂ ಕರುಳಿಗೂ ನರಗಳ ಸಂಬಂಧ ಇದೆ. ಆದ್ದರಿಂದ ಮನಸ್ಸು ಕಂಗೆಟ್ಟರೆ ಹೊಟ್ಟೆಯೂ ಕಂಗೆಡುತ್ತದೆ. ಇದು ನಿಜವಾದ ತೊಂದರೆ, ನಾಟಕ ಅಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಕಾರಣ ಇದೆ. ಮುಟ್ಟಿನ ದಿನಗಳಲ್ಲಿ ಗರ್ಭಕೋಶವನ್ನು ಹಿಂಡುವ ಅದೇ ರಾಸಾಯನಿಕ ಕರುಳನ್ನೂ ಹಿಂಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಕೆಲವರಿಗೆ ಭೇದಿ, ವಾಕರಿಕೆ ಬರುವುದು ಸಹಜ. ಇದನ್ನು ತಾಯಿ ಮಗಳಿಗೆ ಮೊದಲೇ ಹೇಳಿರಬೇಕು.

ಊಟದ ಹೊತ್ತು

"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಅಂತ ಗಾದೆ ಇದೆ. ಆಟವಾಡುವ ಮಕ್ಕಳ ವಿಷಯದಲ್ಲಿ ಊಟ ಬಲ್ಲವರು ಅಂದರೆ ಯಾವ ಹೊತ್ತಿಗೆ ಏನು ಅಂತ ತಿಳಿದವರು.

ನಮ್ಮ ಸೀಮೆಯ ಊಟ ಒಳ್ಳೆಯ ಊಟ. ರಾಗಿ ಮುದ್ದೆ, ಜೋಳದ ರೊಟ್ಟಿ, ಹೊಸದುರ್ಗದ ಕಡೆಯ ಸಾಮೆ, ನವಣೆ, ಹುರುಳಿ, ಶೇಂಗಾ, ಇವೆಲ್ಲ ಬೆಳೆಯುವ ಮಕ್ಕಳಿಗೆ ಬೇಕೇ ಬೇಕು. ದಿನಾ ಕೊಡಿ. ಆದರೆ ನಾರು, ಎಣ್ಣೆ, ಕಾಳು ಇರುವ ಊಟ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಹೊಲದ ಕೆಲಸಕ್ಕೆ ಅದು ಒಳ್ಳೆಯದು, ಹಸಿವಾಗುವುದಿಲ್ಲ. ಓಟದ ಗಳಿಗೆಗೆ ಮಾತ್ರ ಅದೇ ಭಾರ. ಅದಕ್ಕೆ ಹೀಗೆ ಲೆಕ್ಕ ಇಟ್ಟುಕೊಳ್ಳಿ:

1. ಪೂರ್ತಿ ಊಟ (ಮುದ್ದೆ ಸಾರು, ಅನ್ನ ಸಾರು, ರೊಟ್ಟಿ ಪಲ್ಯ) ಆಟಕ್ಕೆ 3ರಿಂದ 4 ಗಂಟೆ ಮೊದಲು ಮುಗಿದಿರಬೇಕು.

2. ಲಘು ತಿಂಡಿ (ಎರಡು ಇಡ್ಲಿ, ಸ್ವಲ್ಪ ಅವಲಕ್ಕಿ, ತೆಳ್ಳಗಿನ ಅನ್ನದ ಗಂಜಿ, ಸ್ವಲ್ಪ ಮೊಸರನ್ನ) 2 ಗಂಟೆ ಮೊದಲು.

3. ಹಸಿವಾಗಿದ್ದರೆ ಒಂದು ಬಾಳೆಹಣ್ಣು ಅಥವಾ ಎರಡು ಬಿಸ್ಕತ್ತು, ಸುಮಾರು 1 ಗಂಟೆ ಮೊದಲು.

4. ಪೂರಿ, ಬಜ್ಜಿ, ಮಿರ್ಚಿ, ಅವರೆಕಾಳು, ಎಲೆಕೋಸು, ಹೆಚ್ಚು ಖಾರದ ಸಾರು ಆಟದ ದಿನ ಬೇಡ. ಹಿಂದಿನ ರಾತ್ರಿಯೂ ಕಡಿಮೆ ಇರಲಿ.

5. ಬರಿಹೊಟ್ಟೆಯಲ್ಲಿ ಓಡಿಸಬೇಡಿ. ಬೆಳಿಗ್ಗೆ ಕತ್ತಲಲ್ಲಿ ಹೊರಡಬೇಕಾದರೆ ಬುತ್ತಿ ಕಟ್ಟಿ ಕೊಡಿ, ಹೋಟೆಲನ್ನು ನಂಬಬೇಡಿ.

6. ಆಟ ಮುಗಿದ ಮೇಲೆ ಅರ್ಧ ಗಂಟೆ ಸುಧಾರಿಸಿಕೊಂಡು ಮಜ್ಜಿಗೆ, ಹಣ್ಣು, ಆಮೇಲೆ ಹೊಟ್ಟೆ ತುಂಬ ಊಟ. ಮೊಟ್ಟೆ, ಕಾಳು, ಶೇಂಗಾ ಚಿಕ್ಕಿ ಎಲ್ಲಾ ಆಗ ಕೊಡಿ. ಕಸುವು ಬರುವುದು ಅದರಿಂದಲೇ.

ಹಾಲಿನ ಬಗ್ಗೆ ಒಂದು ಮಾತು. 2013ರಲ್ಲಿ ಶುರುವಾದ ಕ್ಷೀರಭಾಗ್ಯದಿಂದ ಶಾಲೆ ಮಕ್ಕಳಿಗೆ ಹಾಲು ಸಿಗುತ್ತಿದೆ, ಒಳ್ಳೆಯದೇ. ಆದರೆ ಕೆಲವು ಮಕ್ಕಳಿಗೆ ಹಾಲಿನಲ್ಲಿರುವ ಸಕ್ಕರೆ ಅರಗುವುದಿಲ್ಲ. ಹಾಲು ಕುಡಿದು ಓಡಿದರೆ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಅನ್ನುತ್ತದೆ. ಅಂಥ ಮಕ್ಕಳಿಗೆ ಆಟಕ್ಕೆ ಮೊದಲು ಹಾಲು ಬೇಡ, ಮೊಸರು, ಮಜ್ಜಿಗೆ ಆಗುತ್ತದೆ. ಹಾಲನ್ನೇ ನಿಲ್ಲಿಸಬೇಕಾಗಿಲ್ಲ, ಹೊತ್ತು ಬದಲಾಯಿಸಿ ನೋಡಿ.

ಗೊತ್ತಿರುವ ಊಟವೇ ಇರಲಿ

ಪಿ.ಟಿ. ಉಷಾ ಅವರ ಹೆಸರು ಎಲ್ಲರಿಗೂ ಗೊತ್ತು. 1984ರಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಒಂದು ಸೆಕೆಂಡಿನ 100ನೇ ಒಂದು ಭಾಗದಷ್ಟು ಅಂತರದಲ್ಲಿ ಅವರಿಗೆ ಕಂಚಿನ ಪದಕ ತಪ್ಪಿತು. ಅಲ್ಲಿ ಕೊಡುತ್ತಿದ್ದ ಪರದೇಶದ ಊಟ ಒಗ್ಗದೆ, ಅಕ್ಕಿ ಗಂಜಿ ಮತ್ತು ಉಪ್ಪಿನಕಾಯಿ ತಿಂದುಕೊಂಡು ಓಡಬೇಕಾಯಿತು, ಓಟದ ಕೊನೆಯಲ್ಲಿ ಕಸುವು ಸಾಲಲಿಲ್ಲ ಅಂತ ಅವರೇ 2018ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದರು.

ಇದರಲ್ಲಿ ಎರಡು ಪಾಠ ಇದೆ. ಗೊತ್ತಿಲ್ಲದ ಊಟವನ್ನು ಆಟದ ದಿನ ಹೊಟ್ಟೆ ಒಪ್ಪುವುದಿಲ್ಲ. ಹಾಗಂತ ಬರೀ ಗಂಜಿಯಲ್ಲೂ ಕಸುವು ಸಾಲುವುದಿಲ್ಲ. ಮೊದಲೇ ಯೋಚನೆ ಮಾಡಿ ವ್ಯವಸ್ಥೆ ಮಾಡಬೇಕು. ನಮ್ಮ ಮಕ್ಕಳು ಒಲಿಂಪಿಕ್ಸ್‌ಗೆ ಹೋಗದಿರಬಹುದು, ಹೊಳಲ್ಕೆರೆಯಿಂದ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹೋಗ್ತಾರೆ. ಹೊಟ್ಟೆಯ ನಿಯಮ ಎರಡೂ ಕಡೆ ಒಂದೇ. ಆಟದ ದಿನ ಹೊಸದು ಯಾವುದೂ ಬೇಡ. ಹೊಸ ತಿಂಡಿ, ಹೊಸ ಪುಡಿ, ಹೊಸ ಪಾನೀಯ ಏನಿದ್ದರೂ ಅಭ್ಯಾಸದ ದಿನಗಳಲ್ಲಿ ಮೊದಲು ಕೊಟ್ಟು ನೋಡಿ. ಓಡುವುದಕ್ಕೆ ಕಾಲು ಪಳಗುವ ಹಾಗೆ, ತಿಂದು ಓಡುವುದಕ್ಕೆ ಹೊಟ್ಟೆಯೂ ನಿಧಾನವಾಗಿ ಪಳಗುತ್ತದೆ.

ನೀರಿನ ಮಾತು

ನಮ್ಮ ಜಿಲ್ಲೆಯಲ್ಲಿ ನೀರಿನ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ನಾವೆಲ್ಲ ಸಂತೋಷಪಟ್ಟೆವು. ಆದರೂ ಎಷ್ಟೋ ಹಳ್ಳಿಗೆ ಇವತ್ತಿಗೂ ಬೋರ್‌ವೆಲ್ ನೀರೇ ಗತಿ. ಅದರಲ್ಲಿ ಎರಡು ಬೇರೆ ಬೇರೆ ತೊಂದರೆ ಇದೆ, ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲನೆಯದು ರೋಗಾಣು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ನರಳಿದರು, ಜೀವಗಳೂ ಹೋದವು. ನಾವು ಅದನ್ನು ಮರೆಯಬಾರದು. ಇಂಥ ರೋಗಾಣು ನೀರನ್ನು ಕೊತಕೊತ ಕುದಿಸಿದರೆ ಸಾಯುತ್ತದೆ. ಎರಡನೆಯದು ಫ್ಲೋರೈಡ್. ಒಂದು ಲೀಟರ್ ನೀರಿನಲ್ಲಿ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚು ಇರಬಾರದು. ನಮ್ಮ ಜಿಲ್ಲೆಯ ಅನೇಕ ಬೋರ್‌ವೆಲ್‌ಗಳಲ್ಲಿ ಅದಕ್ಕಿಂತ ಹೆಚ್ಚಿದೆ. ಹಲ್ಲು ಹಳದಿ ಆಗುವುದು, ಮೂಳೆ ನೋಯುವುದು ಮಾತ್ರ ಅಲ್ಲ, ಹೊಟ್ಟೆನೋವು, ವಾಕರಿಕೆಯೂ ಅದರಿಂದ ಬರಬಹುದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಅದಕ್ಕೆ ಶುದ್ಧ ನೀರಿನ ಘಟಕದ ನೀರೇ ಬೇಕು. ಘಟಕ ಕೆಟ್ಟು ನಿಂತಿದ್ದರೆ ಗ್ರಾಮಸಭೆಯಲ್ಲಿ ಕೇಳಿ, ಒಬ್ಬರಲ್ಲ, ಸಂಘದ ಎಲ್ಲರೂ ಹೋಗಿ ಕೇಳಿ.

ಆಟದ ದಿನ ಮಗು ಮನೆಯಿಂದಲೇ ನೀರಿನ ಬಾಟಲಿ ತೆಗೆದುಕೊಂಡು ಹೋಗಲಿ. ಆಟಕ್ಕೆ 2 ಗಂಟೆ ಮೊದಲು ಒಂದೆರಡು ಲೋಟ ನೀರು, ಆಮೇಲೆ 15–20 ನಿಮಿಷಕ್ಕೆ ಒಂದೆರಡು ಗುಟುಕು. ಬಾಯಾರಿದೆ ಅಂತ ಒಂದೇ ಸಲ ಚೊಂಬು ನೀರು ಗಟಗಟ ಕುಡಿದು ಓಡಿದರೆ ಹೊಟ್ಟೆ ಕುಲುಕುತ್ತದೆ, ಪಕ್ಕೆ ಹಿಡಿಯುತ್ತದೆ. ಬೆವರಿನಲ್ಲಿ ಉಪ್ಪೂ ಹೋಗುವುದರಿಂದ ಉಪ್ಪು ಹಾಕಿದ ತೆಳು ಮಜ್ಜಿಗೆ ಬಹಳ ಒಳ್ಳೆಯದು. ಎಳನೀರೂ ಒಳ್ಳೆಯದು, ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಬಹಳ ಬೆವರಿದ್ದರೆ ಜೊತೆಗೆ ಚಿಟಿಕೆ ಉಪ್ಪು ಬೇಕು.

ಬಣ್ಣದ ಪಾನೀಯಗಳ ಬಗ್ಗೆ ಎಚ್ಚರ. ಸಕ್ಕರೆ ಬಹಳ ಇದ್ದರೆ ಕರುಳು ಮೈಯಿಂದಲೇ ನೀರು ಎಳೆದುಕೊಳ್ಳುತ್ತದೆ, ಭೇದಿ ಹೆಚ್ಚಾಗುತ್ತದೆ. ಇಂಥ ಸಿಹಿ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆದು ಮಾರುವುದು ನಡೆದಿತ್ತು. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು ಹಾಗೆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ಆದ್ದರಿಂದ ಪೊಟ್ಟಣ ನೋಡಿ ತೆಗೆದುಕೊಳ್ಳಿ. ನಿಜವಾದ ಓಆರ್‌ಎಸ್ ಔಷಧಿ ಅಂಗಡಿಯಲ್ಲಿ ಪುಡಿಯಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಹತ್ತಿರವೂ ಇರುತ್ತದೆ.

ಭೇದಿ ಆದರೆ ಏನು ಮಾಡಬೇಕು?

1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂತು. ರಕ್ತನಾಳಕ್ಕೆ ಕೊಡುವ ಗ್ಲೂಕೋಸ್ ಬಾಟಲಿಗಳು ಸಾಲಲಿಲ್ಲ. ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಜನರಿಗೆ ಕುಡಿಸಿದರು. ಕುಡಿಸಿದವರು ಹೆಚ್ಚಾಗಿ ರೋಗಿಗಳ ಮನೆಯವರೇ. ನೂರಕ್ಕೆ 20–30 ಜನ ಸಾಯುತ್ತಿದ್ದ ಕಡೆ ಸಾವು 4ಕ್ಕಿಂತ ಕಡಿಮೆಗೆ ಇಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಬಂತು. ತಾಯಂದಿರ ಕೈಯಲ್ಲೇ ಇರುವ ಔಷಧಿ ಇದು.

ಪುಡಿ ಸಿಕ್ಕರೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಸಿಗದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಗೋಪುರದ ಹಾಗೆ ತುಂಬಬಾರದು, ಸಮ ಮಾಡಬೇಕು. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಮಾಡಿದ ನೀರನ್ನು 24 ಗಂಟೆಯೊಳಗೆ ಬಳಸಿ, ಉಳಿದದ್ದು ಚೆಲ್ಲಿ. ಸ್ವಲ್ಪಸ್ವಲ್ಪವಾಗಿ ಕುಡಿಸಿ. ವಾಂತಿ ಆದರೆ 10 ನಿಮಿಷ ಬಿಟ್ಟು ಮತ್ತೆ ಚಮಚದಲ್ಲಿ ಶುರು ಮಾಡಿ. ಊಟ ನಿಲ್ಲಿಸಬೇಡಿ. ಮೊಸರನ್ನ, ಗಂಜಿ, ಬಾಳೆಹಣ್ಣು ಕೊಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ಮಕ್ಕಳಿಗೆ ನೀವೇ ಕೊಡಬೇಡಿ. ಭೇದಿ ಪೂರ್ತಿ ನಿಂತು, ಸರಿಯಾಗಿ ಊಟ ಮಾಡುವ ತನಕ ಮಗು ಓಡುವುದು ಬೇಡ.

ಮಾತ್ರೆಗಳ ಬಗ್ಗೆ ಮೂರು ಮಾತು

ನೋವಿನ ಮಾತ್ರೆ: ಕಾಲು ನೋವು, ಮುಟ್ಟಿನ ನೋವು ಅಂತ ಓಟಕ್ಕೆ ಮೊದಲು ಬರಿಹೊಟ್ಟೆಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆ ನುಂಗಿಸುವ ಅಭ್ಯಾಸ ಇದೆ. ಮೊದಲೇ ರಕ್ತ ಕಡಿಮೆ ಹೋಗುವ ಹೊಟ್ಟೆ, ಕರುಳಿನ ಒಳಪದರಕ್ಕೆ ಇದು ಪೆಟ್ಟು ಕೊಡುತ್ತದೆ, ಹುಣ್ಣಾಗಬಹುದು, ರಕ್ತ ಸೋರಬಹುದು. ಬಿಸಿಲಲ್ಲಿ ಮೂತ್ರಪಿಂಡಕ್ಕೂ ಅಪಾಯ. ವೈದ್ಯರನ್ನು ಕೇಳದೆ ಕೊಡಬೇಡಿ.

ಕಬ್ಬಿಣದ ಮಾತ್ರೆ: ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ರಕ್ತಹೀನತೆಗೆ ಬಹಳ ಮುಖ್ಯ. ಕೆಲವರಿಗೆ ವಾಕರಿಕೆ, ಮಲಬದ್ಧತೆ ಬರುತ್ತದೆ, ಮಲ ಕಪ್ಪಾಗುತ್ತದೆ. ಹೆದರಿ ಬಿಸಾಡಬೇಡಿ. ಊಟದ ನಂತರ ತೆಗೆದುಕೊಂಡರೆ ತೊಂದರೆ ಕಡಿಮೆ.

ಜಂತುಹುಳದ ಮಾತ್ರೆ: 2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಕೊಡುತ್ತಾರೆ, ಅಗಿದು ತಿನ್ನಬೇಕು. ಹುಳ ಇದ್ದರೆ ಹೊಟ್ಟೆನೋವು ಮಾತ್ರ ಅಲ್ಲ, ರಕ್ತವೂ ಕಡಿಮೆ ಆಗುತ್ತದೆ. ಮಗು ಎಷ್ಟು ಅಭ್ಯಾಸ ಮಾಡಿದರೂ ಉಸಿರು ಸಾಲುವುದಿಲ್ಲ.

ಬೀಗ ಹಾಕಿದ ಶೌಚಾಲಯ

ಸಹೋದರಿಯರೇ, ಇದು ನಮಗೆ ಎಲ್ಲಕ್ಕಿಂತ ದೊಡ್ಡ ವಿಷಯ ಅನ್ನಿಸುತ್ತದೆ. ಹೊರಗೆ ಹೋದರೆ ನಾವು ಹೆಂಗಸರು ನೀರು ಕುಡಿಯುವುದಿಲ್ಲ. ಯಾಕೆ ಅಂತ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಸ್ಸಿನಲ್ಲಿ, ಸಂತೆಯಲ್ಲಿ, ಬ್ಯಾಂಕಿನ ಕೆಲಸಕ್ಕೆ ಹೋದಾಗ, ಇಂಥ ಸಭೆಗೆ ಬಂದಾಗಲೂ ಹೀಗೇ. ನಮ್ಮ ಹೆಣ್ಣುಮಕ್ಕಳು ಇದನ್ನು ನಮ್ಮಿಂದಲೇ ಕಲಿತಿದ್ದಾರೆ. ಬೆಳಿಗ್ಗೆ ಮಲವಿಸರ್ಜನೆಗೆ ಸಮಯ ಇಲ್ಲ, ಶಾಲೆಯಲ್ಲಿ ಶೌಚಾಲಯ ಸರಿ ಇಲ್ಲ, ತಡೆದು ತಡೆದು ಮಲಬದ್ಧತೆ ಆಗುತ್ತದೆ. ಹೊಟ್ಟೆ ಗಟ್ಟಿಯಾಗಿ ಉಬ್ಬಿಕೊಂಡ ಮಗು ಹೇಗೆ ಓಡಬೇಕು? ಗಂಡುಮಕ್ಕಳು ಗೋಡೆ ಪಕ್ಕ ಹೋಗಿ ಬಂದುಬಿಡ್ತಾರೆ. ಹೆಣ್ಣುಮಗು ಬೆಳಗಿನಿಂದ ಸಂಜೆ ತನಕ ತಡೆದುಕೊಂಡು, ನೀರು ಬಿಟ್ಟು, ಬಿಸಿಲಲ್ಲಿ ಓಡುತ್ತದೆ. ಇಬ್ಬರಿಗೂ ಒಂದೇ ಓಟ ಅಂತ ಹೇಗೆ ಹೇಳುವುದು?

ಇನ್ನು ಕೆಲವು ಹುಡುಗಿಯರು ತೂಕ ಇಳಿದರೆ ಚೆನ್ನಾಗಿ ಓಡಬಹುದು ಅಂತ ಊಟ ಬಿಡುತ್ತಾರೆ. ಅಭ್ಯಾಸ ಹೆಚ್ಚು, ಊಟ ಕಡಿಮೆ ಆದರೆ ಕರುಳು ನಿಧಾನವಾಗುತ್ತದೆ, ಹೊಟ್ಟೆ ಉಬ್ಬುತ್ತದೆ, ಮುಟ್ಟು ನಿಲ್ಲುತ್ತದೆ, ಮೂಳೆ ಸವೆಯುತ್ತದೆ. ಮುಟ್ಟು ಮೂರು ತಿಂಗಳು ಬರದಿದ್ದರೆ "ಆಟದವಳಲ್ಲವಾ, ಹಾಗೇ ಇರುತ್ತೆ" ಅಂತ ಬಿಡಬೇಡಿ, ವೈದ್ಯರಿಗೆ ತೋರಿಸಿ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

- ಮಲದಲ್ಲಿ ರಕ್ತ, ಅಥವಾ ಕಬ್ಬಿಣದ ಮಾತ್ರೆ ತಿನ್ನದಿದ್ದರೂ ಟಾರಿನಂತೆ ಕಪ್ಪು ಮಲ
- ಕುಡಿದ ನೀರೂ ನಿಲ್ಲದ ವಾಂತಿ
- 6–8 ಗಂಟೆ ಮೂತ್ರ ಆಗದಿರುವುದು, ಕಣ್ಣು ಗುಳಿ ಬೀಳುವುದು
- ಬಲಗಡೆ ಕೆಳಹೊಟ್ಟೆಯಲ್ಲಿ ಹೆಚ್ಚುತ್ತಾ ಹೋಗುವ ನೋವು, ಜೊತೆಗೆ ಜ್ವರ
- ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ತೂಕ ಇಳಿಯುತ್ತಾ ಹೋಗುವುದು
- ಬಿಸಿಲಲ್ಲಿ ಆಡುವಾಗ ಮೈ ಸುಡುವುದು, ವಾಂತಿ, ಮಾತು ತೊದಲುವುದು, ದಿಕ್ಕುತಪ್ಪಿದಂತೆ ನಡೆಯುವುದು

ಕೊನೆಯದು ಬಿಸಿಲಿನ ಆಘಾತ. ತಕ್ಷಣ ನೆರಳಿಗೆ ತನ್ನಿ, ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಹೋಗಿ ಶೌಚಾಲಯದ ಬೀಗ ತೆಗೆಯಿರಿ ಅಂದರೆ ಕೇಳದಿರಬಹುದು. ಇಪ್ಪತ್ತು ಜನ ಹೋದರೆ ಕೇಳಲೇಬೇಕು. ಸಾಲ ಕೊಡುವುದರಲ್ಲಿ ತೋರಿಸಿದ ಒಗ್ಗಟ್ಟನ್ನು ಇಲ್ಲಿಯೂ ತೋರಿಸೋಣ. ಈ ಐದು ಕೆಲಸ ಪ್ರತಿ ಸಂಘದ ನಿರ್ಣಯ ಪುಸ್ತಕದಲ್ಲಿ ಬರೆದುಕೊಳ್ಳಿ:

1. ಕ್ರೀಡಾಕೂಟಕ್ಕೆ ಒಂದು ವಾರ ಮೊದಲು ಎಸ್‌ಡಿಎಂಸಿ ಮತ್ತು ದೈಹಿಕ ಶಿಕ್ಷಕರ ಜೊತೆ ಮಾತಾಡಿ. ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಯಾರ ಹತ್ತಿರ? ಒಳಗೆ ನೀರು ಇದೆಯಾ? ಕುಡಿಯುವ ನೀರು ಎಲ್ಲಿಂದ? ಉದ್ದದ ಓಟವನ್ನು ಬಿಸಿಲೇರುವ ಮೊದಲೇ ಇಡಲು ಆಗುತ್ತದಾ?

2. ಆಟದ ಹೊತ್ತು ಮೊದಲೇ ಕೇಳಿ ತಿಳಿದುಕೊಂಡು, ಅದರಿಂದ ಹಿಂದಕ್ಕೆ ಎಣಿಸಿ ಊಟದ ಹೊತ್ತು ಗೊತ್ತುಮಾಡಿ.

3. ಸಂಘದ ಒಬ್ಬ ಸದಸ್ಯೆ ಮಕ್ಕಳ ಜೊತೆ ಹೋಗಲಿ. ಕೈಚೀಲದಲ್ಲಿ ಬಾಳೆಹಣ್ಣು, ಮಜ್ಜಿಗೆ, ಓಆರ್‌ಎಸ್ ಪೊಟ್ಟಣ, ಸೋಪು, ಪ್ಯಾಡು, ಒಂದು ಜೊತೆ ಬಟ್ಟೆ ಇರಲಿ. ಒಂದು ಜೊತೆ ಬಟ್ಟೆ ನಮ್ಮ ಹತ್ತಿರ ಅವತ್ತು ಇದ್ದಿದ್ದರೆ ಆ ಮಗು ಅಷ್ಟು ಹೊತ್ತು ಹಾಗೆ ಕೂರಬೇಕಾಗಿರಲಿಲ್ಲ.

4. ಆಡುವ ಮಗುವಿಗೆ ಒಂದು ನೋಟ್‌ಬುಕ್ ಕೊಡಿ. ಏನು ತಿಂದೆ, ಎಷ್ಟು ಹೊತ್ತಿಗೆ, ಎಷ್ಟು ಓಡಿದೆ, ಹೊಟ್ಟೆ ಹೇಗಿತ್ತು ಅಂತ ಬರೆಯಲಿ. ಎರಡು ಮೂರು ವಾರದಲ್ಲಿ ಯಾವುದು ಒಗ್ಗುವುದಿಲ್ಲ ಅಂತ ಅವಳಿಗೇ ತಿಳಿಯುತ್ತದೆ. ಆಸ್ಪತ್ರೆಗೆ ಹೋದರೆ ವೈದ್ಯರಿಗೂ ಅನುಕೂಲ.

5. ನಗಬೇಡಿ, ನಗುವವರನ್ನು ಸುಮ್ಮನಿರಿಸಿ. "ಹೊಟ್ಟೆ ಸರಿ ಇದೆಯಾ, ಕಕ್ಕಸಿಗೆ ಹೋಗಬೇಕಾ, ಮುಟ್ಟಾಗಿದೆಯಾ?" ಅಂತ ಆಟಕ್ಕೆ ಮೊದಲು ಸಹಜವಾಗಿ ಕೇಳಿ.

ಈ ಮಾತು ಮಕ್ಕಳಿಗೆ ಮಾತ್ರ ಅಲ್ಲ. ಮಾರ್ಚ್ 8ರ ಮಹಿಳಾ ದಿನಾಚರಣೆಯಲ್ಲಿ ನೀವೂ ಓಡ್ತೀರಿ, ಹಗ್ಗ ಎಳೀತೀರಿ. ಒಂದು ವರ್ಷ ನಾವು ಹೊಳಲ್ಕೆರೆ ಕಡೆ ಮೊದಲು ಹೋಳಿಗೆ ಊಟ ಹಾಕಿಸಿ ಆಮೇಲೆ ಆಟ ಇಟ್ಟಿದ್ದೆವು. ಮೂರು ಜನ ವಾಂತಿ ಮಾಡಿಕೊಂಡರು. ಅಂದಿನಿಂದ ಆಟ ಮೊದಲು, ಊಟ ಆಮೇಲೆ ಅಂತ ಬದಲಾಯಿಸಿದ್ದೇವೆ. ತಪ್ಪು ಮಾಡಿಯೇ ನಾವೂ ಕಲಿತಿದ್ದು.

ಗಾದೆಯಲ್ಲಿ ಊಟದ ಜೊತೆಗೇ ಮಾತೂ ಇದೆ. ಹೊಟ್ಟೆಯ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಊಟ ಎಷ್ಟು ಕಡಿಮೆಯೋ, ಮಾತಾಡುವ ಧೈರ್ಯವೂ ಅಷ್ಟೇ ಕಡಿಮೆ ಆಗಿದೆ. ಇವತ್ತು ಮನೆಗೆ ಹೋದ ಮೇಲೆ ಆಡುವ ಮಗು ಇರುವವರು ಅವಳ ಪಕ್ಕ ಕೂತು ಒಂದು ಪ್ರಶ್ನೆ ಕೇಳಿ: "ಓಡುವಾಗ ನಿನ್ನ ಹೊಟ್ಟೆಗೆ ಏನಾಗುತ್ತೆ ಮಗಳೇ?" ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ. ಮುಂದಿನ ಸಭೆಯಲ್ಲಿ ಆ ಉತ್ತರಗಳಿಂದಲೇ ಮಾತು ಶುರು ಮಾಡೋಣ.

ಹೊರಗೆ ನೀರಿದೆ, ಶೌಚಾಲಯದ ಬೀಗ ತೆಗೆಸಿದ್ದೇವೆ. ಮೊದಲು ಎಲ್ಲರೂ ನೀರು ಕುಡಿಯಿರಿ.